ತುಂಬಿದ ಟ್ಯಾಂಕು

ಪೆಟ್ರೋಲ್ ಟ್ಯಾಂಕು ಕೊನೆಗೂ ಅಂಗಳದಲ್ಲಿ ನಿಂತ ಬೈಕಿನಿಂದ ಮೇಲೆದ್ದು ಅವನ ತೋಳಿಗೆ ಬಂತು. ಬಂದಮೇಲೆ ಗೊತ್ತಾಯಿತು, ಅದನ್ನು ಇಡಲು ಜಾಗವಿಲ್ಲವೆಂದು. ಟ್ಯಾಂಕಿನ ಅಡಿಯಿಂದ ಹೊರಟ ಒಂದು ದಪ್ಪ ಪೈಪು, ಒಂದು ವೈರು ಇನ್ನೂ ಬೈಕನ್ನು ಬಿಟ್ಟಿರಲಿಲ್ಲ. ಅವನ್ನು ಬಿಡಿಸಲು ಎರಡು ಕೈ ಬೇಕು. ಅವನಿಗೆ ಇದ್ದ ಎರಡೂ ಟ್ಯಾಂಕನ್ನು ಅಪ್ಪಿಕೊಂಡಿದ್ದವು. ಪಕ್ಕಕ್ಕೆ ಇಳಿಸೋಣವೆಂದರೆ ಪೈಪು ಅಷ್ಟು ಉದ್ದವಿಲ್ಲ. ವಾಪಸು ಕೂರಿಸೋಣವೆಂದರೆ ವೈರು ಜಾರಿ, ಟ್ಯಾಂಕು ಕೂರುವ ಜಾಗದಲ್ಲೇ ಅಡ್ಡ ಮಲಗಿತ್ತು, ಇಟ್ಟರೆ ಜಜ್ಜಿಹೋಗುತ್ತದೆ. ಫೋನಿನ ವಿಡಿಯೋದಲ್ಲಿ ಒಬ್ಬಾತ ಇದೇ ಕೆಲಸವನ್ನು ಸಿಳ್ಳೆ ಹಾಕುತ್ತ ಮಾಡಿ ಮುಗಿಸಿದ್ದ. ಹಿಂದಿನ ಬೋಲ್ಟನ್ನು ಬಿಚ್ಚಲೇಬೇಡಿ, ಮುಂದಿನ ತುದಿಯನ್ನಷ್ಟೇ ಎತ್ತಿ ಕೋಲು ಕೊಟ್ಟು ನಿಲ್ಲಿಸಿ, ಮೊದಲು ಪೈಪು ಬಿಡಿಸಿ ಎಂದು ಆತ ಹೇಳಿದ್ದು ಇವನಿಗೆ ಈಗ ನೆನಪಾಯಿತು. ಹಿಂದಿನ ಬೋಲ್ಟು ಖಾಲಿ ಮೊಟ್ಟೆ ಟ್ರೇಯ ಒಂದು ಗುಳಿಯಲ್ಲಿ ತಣ್ಣಗೆ ಕೂತಿತ್ತು.

ಟ್ಯಾಂಕು ಹೆಣಭಾರವಿತ್ತು. ಎಲ್ಲ ಟ್ಯಾಂಕುಗಳೂ ಇಷ್ಟೇ ಭಾರವೇನೋ ಎಂದುಕೊಂಡ. ಒಳಗೆ ಪೆಟ್ರೋಲ್ ಎಷ್ಟಿದೆ ಎಂದು ತಿಳಿಯಬೇಕಾದರೆ ಹೆಂಡತಿಯನ್ನು ಕೇಳಬೇಕಿತ್ತು. ಹೆಂಡತಿ ಮಾತು ಬಿಟ್ಟು ವಾರದ ಮೇಲಾಗಿತ್ತು.

ಬೈಕು ಅವಳದು. ಫಿಸಿಯೋಥೆರಪಿಸ್ಟ್ ಆಗಿ ದಿನವಿಡೀ ಊರಿನವರ ಸೊಂಟ, ಮಂಡಿ, ಭುಜಗಳನ್ನು ಸರಿಮಾಡುತ್ತಿದ್ದವಳು ಒಂದು ಸಂಜೆ ಮುಂದಕ್ಕೆ ಬಾಗಿ ಓಡಿಸುವಂಥ ಸೆಕೆಂಡ್ ಹ್ಯಾಂಡ್ ಕೆಂಪು ಸ್ಪೋರ್ಟ್ಸ್ ಬೈಕಿನ ಮೇಲೆ ಮನೆಗೆ ಬಂದಿದ್ದಳು. ಹೆಲ್ಮೆಟ್ ತೆಗೆದು, ಹಣೆಗಂಟಿದ ಕೂದಲನ್ನು ಸರಿಸಿಕೊಳ್ಳದೆಯೇ "ಹೇಗಿದೆ?" ಎಂದು ಕೇಳಿದ್ದಳು. ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಬೇರೆಯವರ ವಾಕ್ಯಗಳಲ್ಲಿ ತಪ್ಪು ಹುಡುಕಿ ಹುಡುಕಿ, ತನ್ನ ವಾಕ್ಯವನ್ನು ಬಾಯಿಂದ ಹೊರಗೆ ಬಿಡುವುದಕ್ಕೇ ಹಿಂಜರಿಯುವ ಹಂತಕ್ಕೆ ಬಂದಿದ್ದ. ಬೈಕನ್ನು ನೋಡಿದ, ಅವಳನ್ನು ನೋಡಿದ, ಒಳಗೆ ಹೋದ.

ಅಂದಿನಿಂದ ಅವಳು ಅವನ ಆಯುಧವನ್ನೇ ಕೈಗೆತ್ತಿಕೊಂಡಳು. ಅದರಲ್ಲಿ ಅವನಿಗಿಂತ ಪಳಗಿದವಳೂ ಆದಳು. ಅವನ ಮೌನ ಮೂಲೆ ಹಿಡಿದು ಕೂರುವಂಥದ್ದು. ಅವಳದು ಹಾಡು ಗುನುಗುತ್ತ, ಬಟ್ಟೆ ಮಡಿಸುತ್ತ, ಮನೆತುಂಬ ಲವಲವಿಕೆಯಿಂದ ಓಡಾಡುವ ಮೌನ. ಅಂಥದ್ದನ್ನು ಎದುರಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಈ ದಿನ ಅವಳು ಸಮುದ್ರದ ಕಡೆಗೆ ಒಬ್ಬಳೇ ಹೊರಡುವವಳಿದ್ದಳು. ಚೀಲ ಬಾಗಿಲ ಹಿಂದೆ ಸಿದ್ಧವಾಗಿತ್ತು. ಮಾತಾಡದೆ ಹೋದಳೆಂದರೆ ಈ ಮೌನ ದಾರಿಯುದ್ದಕ್ಕೂ ಗಟ್ಟಿಯಾಗುತ್ತ ಹೋಗಿ, ವಾಪಸು ಬರುವಷ್ಟರಲ್ಲಿ ಸುತ್ತಿಗೆಗೂ ಒಡೆಯದಂತಾಗುತ್ತದೆ ಎಂಬ ಭಯ ಅವನನ್ನು ರಾತ್ರಿಯೆಲ್ಲ ಹೊರಳಾಡಿಸಿತ್ತು. ಹಿಂದಿನ ದಿನ ಮಧ್ಯಾಹ್ನ ಅವಳು ಸ್ಟಾರ್ಟರ್ ಒತ್ತಿದಾಗ ಬೈಕು ಎರಡು ಸಲ ಕೆಮ್ಮಿ ಸುಮ್ಮನಾದದ್ದನ್ನು ಪರದೆಯ ಮರೆಯಿಂದ ನೋಡಿದ್ದ. ಗಾಳಿಯ ಫಿಲ್ಟರ್ ಕಟ್ಟಿಕೊಂಡಿದೆ ಎಂದು ತಾನೇ ತೀರ್ಮಾನಿಸಿದ. ಅದು ಇರುವುದು ಟ್ಯಾಂಕಿನ ಕೆಳಗೆ. ಅವಳು ಏಳುವಷ್ಟರಲ್ಲಿ ಬಿಚ್ಚಿ, ಊದಿ, ಜೋಡಿಸಿಟ್ಟರೆ? ಬಾಯಿ ಬಿಟ್ಟು ತಪ್ಪಾಯ್ತು ಅನ್ನುವುದಕ್ಕಿಂತ ಒಂದು ಬೈಕನ್ನು ಬಿಚ್ಚಿಹಾಕುವುದು ಅವನಿಗೆ ಸುಲಭವೆನ್ನಿಸಿತು.

"ಅತ್ತೇ..." ಮೆಲ್ಲಗೆ ಕರೆದ.

ಹೆಂಡತಿಯ ತಾಯಿ ಟೀ ಲೋಟ ಹಿಡಿದು ಬಾಗಿಲಿಗೆ ಬಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಮನೆಯಲ್ಲಿ ಮಾತು ನಿಂತಂದಿನಿಂದ ಅವರ ಹಳೆಯ ಉದ್ಯೋಗ ಮತ್ತೆ ಶುರುವಾಗಿತ್ತು. ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ, ಒಂದಕ್ಷರ ಸೇರಿಸದೆ ಕಳೆಯದೆ ಮುಟ್ಟಿಸುತ್ತಿದ್ದರು.

"ಇದೇನು ಅಳಿಯಂದ್ರೇ, ಮಗು ಎತ್ಕೊಂಡ ಹಾಗೆ ಎತ್ಕೊಂಡಿದ್ದೀರಾ?"

"ಅವಳನ್ನ ಸ್ವಲ್ಪ ಕರೀರಿ. ಈ ಪೈಪಿನ ತುದೀಲಿ ಎರಡೂ ಕಡೆ ಕ್ಲಿಪ್ ಇದೆ. ಒತ್ತಿ ಎಳೀಬೇಕು."

"ಅಷ್ಟೇನಾ? ನಾನೇ ಎಳೀತೀನಿ."

"ಬೇಡ ಬೇಡ! ಪೆಟ್ರೋಲ್ ಚಿಮ್ಮುತ್ತೆ. ಕಣ್ಣಿನ ಆಪರೇಷನ್ ಆಗಿ ತಿಂಗಳಾಗಿಲ್ಲ ನಿಮಗೆ."

ಅತ್ತೆ ಒಳಗೆ ಹೋದರು. ಅವನು ಭಾರವನ್ನು ಎಡತೊಡೆಯ ಮೇಲಿಂದ ಬಲತೊಡೆಗೆ ಬದಲಿಸಿಕೊಂಡ. ಅತ್ತೆ ಬಂದರು.

"ಆ ಕಡೆ ಪಾರ್ಟಿ ಕೇಳ್ತಿದ್ದಾರೆ, 'ನನ್ನ ಬೈಕಿನ ಟ್ಯಾಂಕು ಅವರ ಕೈಲಿ ಯಾಕಿದೆ?'"

"ರಿಪೇರಿ ಮಾಡ್ತಿದ್ದೀನಿ ಅಂತ ಹೇಳಿ."

ಹೋದರು, ಬಂದರು. "'ಯಾರು ಹೇಳಿದ್ರು ಮಾಡೋಕೆ?'"

"ಯಾರೂ ಹೇಳ್ಲಿಲ್ಲ ಅತ್ತೆ. ನಿನ್ನೆ ಸ್ಟಾರ್ಟ್ ಆಗ್ಲಿಲ್ವಲ್ಲ. ಏರ್ ಫಿಲ್ಟರ್ ಕಟ್ಕೊಂಡಿದೆ. ಪಾಪ, ದಾರಿ ಮಧ್ಯೆ ನಿಂತ್ರೆ ಏನ್ ಮಾಡ್ತಾಳೆ ಅಂತ..."

"'ಪಾಪ'ನೂ ಹೇಳ್ಲಾ?"

"ಹೇಳಿ."

ಈ ಸಲ ಅತ್ತೆ ಬರುವುದು ತಡವಾಯಿತು. ಬಂದವರ ಮುಖದಲ್ಲಿ ಗೊಂದಲವಿತ್ತು. "ಆ ಕಡೆ ನಗ್ತಿದ್ದಾಳೆ. ನಗುವನ್ನ ಹೇಗೆ ತಲುಪಿಸೋದು ಅಂತ ನಮಗೆ ಟ್ರೈನಿಂಗ್ ಕೊಟ್ಟಿರ್ಲಿಲ್ಲ."

"ಅತ್ತೆ, ಕೈ ಸೋಲ್ತಿದೆ."

ಅತ್ತೆ ಉಳಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿದರು. "ನೋಡಿ ಅಳಿಯಂದ್ರೇ. ಊರಿನೋರ ಜಗಳ ಎಲ್ಲಾ ನನ್ನ ಕಿವಿಯೊಳಗಿಂದಾನೇ ಹಾದುಹೋಗಿದೆ. ಒಂದು ದಿನಾನೂ ಬೇಜಾರಾಗ್ಲಿಲ್ಲ, ಸಂಬಳ ಬರ್ತಿತ್ತು. ಇಲ್ಲಿ ಅದೂ ಇಲ್ಲ. ಇಬ್ಬರ ನಡುವೆ ಒಂದು ಗೋಡೆ ದೂರ. ಲೈನ್ ಕಟ್ ಮಾಡ್ತಿದ್ದೀನಿ. ನೇರ ಮಾತಾಡ್ಕೊಳ್ಳಿ."

ಹೇಳಿದವರೇ ಒಳಗೆ ಹೋಗಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಚಿಲಕ ಹಾಕಿದ ಸದ್ದು ಇಲ್ಲಿಯವರೆಗೂ ಕೇಳಿತು.

ಅವನು ಬಾಗಿಲ ಕಡೆ ತಿರುಗಿದ. "ಇಲ್ಲಿ... ಸ್ವಲ್ಪ ಬಾರೇ!" ಎಂದು ಕೂಗಿದ. ಇಷ್ಟು ದಿನಗಳಲ್ಲಿ ಆ ಮನೆಯಲ್ಲಿ ಅಷ್ಟು ಜೋರಾದ ಶಬ್ದ ಕುಕ್ಕರಿನದು ಬಿಟ್ಟರೆ ಅವನದೇ. ಎದುರು ಮನೆಯ ನಾಯಿ ಬೊಗಳಿ ಉತ್ತರ ಕೊಟ್ಟಿತು.

ಅವಳು ಬಂದಳು. ದಪ್ಪ ಪ್ಯಾಂಟು ತೊಟ್ಟು ಹೊರಡಲು ಸಿದ್ಧವಾಗಿದ್ದಳು. ತಲೆಗೂದಲು ಇನ್ನೂ ಒದ್ದೆಯಿತ್ತು. ಕಂಬಕ್ಕೆ ಒರಗಿ ನಿಂತು, ತನ್ನ ಬೈಕಿನ ಅವಸ್ಥೆಯನ್ನು ಒಂದೊಂದಾಗಿ ನೋಡಿದಳು. ಗೋಡೆಗೆ ಒರಗಿಸಿಟ್ಟ ಕೆಂಪು ಪ್ಲಾಸ್ಟಿಕ್ ಕವಚಗಳು, ಕಾಲೊರಸಿನ ಮೇಲೆ ಮಗುಚಿದ ಸೀಟು, ಬಿಚ್ಚಿಟ್ಟ ಬ್ಯಾಟರಿಯ ವೈರು, ಮೊಟ್ಟೆ ಟ್ರೇಯ ತುಂಬ ಬೋಲ್ಟುಗಳು. ಮುರಿದ ಒಂದು ಪ್ಲಾಸ್ಟಿಕ್ ಕೊಂಡಿಯ ಮೇಲೆ ಕಣ್ಣು ನಿಂತಿತು. ಅವನು ಮುಖವನ್ನು ಟ್ಯಾಂಕಿನ ಹಿಂದೆ ಮರೆಸಿಕೊಂಡ.

ಭಾರಕ್ಕೆ ಅವನ ಸೊಂಟ ಮುಂದಕ್ಕೆ ಬಾಗಿತು, ಬೆನ್ನು ಬಿಲ್ಲಾಯಿತು. ಅವಳ ಮುಖದಲ್ಲಿ ಏನೋ ಸೆಳೆತ. ತುಟಿ ಕಚ್ಚಿಕೊಂಡಳು, ಬೇರೆ ಕಡೆ ನೋಡಿದಳು, ಮತ್ತೆ ನೋಡಿದಳು. ಅವನ ಬೆನ್ನು ಇನ್ನೊಂದಿಷ್ಟು ಬಾಗಿದ್ದೇ ತಡ, ತಡೆಯಲಾಗಲಿಲ್ಲ.

"ರೀ, ಬೆನ್ನು! ಬೆನ್ನು ನೇರ! ಮಂಡಿ ಬಗ್ಸಿ, ಸೊಂಟ ಅಲ್ಲ! ಭಾರ ಮೈಗೆ ಒತ್ತಿ ಹಿಡ್ಕೊಳ್ಳಿ. ಉಸಿರು ಬಿಡಿ!"

ಅವನು ಹೇಳಿದಂತೆಯೇ ಮಾಡಿದ. ಆಮೇಲೆ ಹೊಳೆಯಿತು. "ನೀನು ಮಾತಾಡಿದೆ!"

"ಇದು ಮಾತಲ್ಲ. ದಾರೀಲಿ ಹೋಗೋರಿಗಾದ್ರೂ ಹೇಳ್ತೀನಿ ಇದನ್ನ."

"ಪೈಪು..."

"ನಿನ್ನೆ ಬೈಕ್ ಯಾಕೆ ಸ್ಟಾರ್ಟ್ ಆಗ್ಲಿಲ್ಲ ಗೊತ್ತಾ? ಪೆಟ್ರೋಲ್ ಖಾಲಿ. ಸಂಜೆ ಬಂಕಿನ ತನಕ ತಳ್ಕೊಂಡು ಹೋಗಿ, ಟ್ಯಾಂಕು ಬಾಯಿತನಕ ತುಂಬಿಸ್ಕೊಂಡು ಬಂದೆ."

ಅವನು ಕೈಯಲ್ಲಿದ್ದುದನ್ನು ನೋಡಿದ. "ಹಾಗಾದ್ರೆ ಏರ್ ಫಿಲ್ಟರು?"

"ಹೊಸದು. ಕೊಳ್ಳೋವಾಗ್ಲೇ ಹಾಕಿಸಿದ್ದು."

ಅಂದರೆ ಯಾವ ರೋಗವೂ ಇಲ್ಲದ ಬೈಕಿನ ಎದೆ ಬಿಚ್ಚಿ, ತುಂಬಿದ ಹೊಟ್ಟೆಯನ್ನು ತಾನು ಹೊತ್ತು ನಿಂತಿದ್ದೇನೆ. ಇದನ್ನು ಅರಗಿಸಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ," ಅಂದಳು.

"ನೀನು ಮಾತು ಬಿಟ್ಟಿದ್ದೆ."

"ಮೊದ್ಲು ಬಿಟ್ಟಿದ್ದು ಯಾರು?"

ಅವಳು ಬಂದು ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ವೈರನ್ನು ಒಂದೇ ಎಳೆತಕ್ಕೆ ಬಿಡಿಸಿದಳು. ಪೈಪಿನ ಕೆಳಗೆ ಬಟ್ಟೆ ಹಿಡಿದು, ಎರಡು ಬೆರಳನ್ನು ಕ್ಲಿಪ್ಪಿನ ಮೇಲಿಟ್ಟಳು. ಒತ್ತಲಿಲ್ಲ.

"ಅವತ್ತು ಒಂದು ಪ್ರಶ್ನೆ ಕೇಳಿದ್ದೆ. ಹೇಗಿದೆ?"

"ಭಾರ ಇದೆ."

"ಬೈಕ್ ಹೇಗಿದೆ ಅಂತ ಕೇಳಿದ್ದು."

"ಚೆನ್ನಾಗಿದೆ! ತುಂಬಾ ಚೆನ್ನಾಗಿದೆ!"

"ಕೈ ನೋಯ್ತಿದೆ, ಅದಕ್ಕೆ ಹಾಗೆ ಹೇಳ್ತಿದ್ದೀರಿ."

ನಿಜವಿತ್ತು. ಬೇರೆ ಸಮಯವಾಗಿದ್ದರೆ ಅವನು ಒಂದು ವಾಕ್ಯವನ್ನು ಒಳಗೇ ಕಟ್ಟಿ, ಒಡೆದು, ತಿದ್ದಿ, ಕೊನೆಗೆ ಬೇಡವೆಂದು ಕಾಟು ಹೊಡೆದಿರುತ್ತಿದ್ದ. ತೋಳುಗಳು ಅದಕ್ಕೆ ಪುರುಸೊತ್ತು ಕೊಡಲಿಲ್ಲ.

"ಹೆಲ್ಮೆಟ್ ತೆಗೆದ್ಯಲ್ಲ, ಆಗ ನಿನ್ನ ಮುಖ ನೋಡಿದೆ," ಅಂದ. "ಅಷ್ಟು ಖುಷಿ ಆ ಮುಖದಲ್ಲಿ ನೋಡಿ ಯಾವ ಕಾಲ ಆಗಿತ್ತೋ. ನನ್ನಿಂದ ಬಂದಿದ್ದಲ್ಲ ಅದು. ನನ್ನ ಪಾಲು ಒಂಚೂರೂ ಇರ್ಲಿಲ್ಲ. ಹೊಟ್ಟೆಕಿಚ್ಚಾಯ್ತು."

"ನನ್ನ ಮೇಲಾ?"

"ಬೈಕ್ ಮೇಲೆ. ಒಂದು ಬೈಕ್ ಮೇಲೆ ಹೊಟ್ಟೆಕಿಚ್ಚು ಅಂತ ಹೇಗೆ ಹೇಳ್ಲಿ? ನಾಚಿಕೆಯಾಗಿ ಒಳಗೆ ಹೋಗ್ಬಿಟ್ಟೆ."

ಅವಳು ಏನೂ ಹೇಳಲಿಲ್ಲ. ಅವನೂ ಹೇಳಲಿಲ್ಲ. ಇಬ್ಬರೂ ಇಷ್ಟು ದಿನ ಹೊತ್ತು ತಿರುಗಿದ ಮೌನಗಳ ಹಾಗಿರಲಿಲ್ಲ ಇದು. ಇದಕ್ಕೆ ಯಾರೂ ವಾರಸುದಾರರಿರಲಿಲ್ಲ. ಬೆಳಗಿನ ಬಿಸಿಲು ಅಂಗಳದಲ್ಲಿ ಬಿಡಿಭಾಗಗಳ ನಡುವೆ ಬಿದ್ದಿತ್ತು.

ಟಕ್ ಎಂದಿತು ಕ್ಲಿಪ್ಪು. ಪೆಟ್ರೋಲಿನ ಸಣ್ಣ ಚಿಲುಮೆ ಬಟ್ಟೆಯನ್ನು ತಪ್ಪಿಸಿಕೊಂಡು ಅವನ ಅಂಗಿಯ ಮೇಲೆ ಹಾರಿತು. ಅವನು "ಅಯ್ಯೋ" ಅಂದ, ಅವಳು ನಕ್ಕುಬಿಟ್ಟಳು.

"ಲೈನ್ ಸಿಕ್ತಾ?" ಮುಚ್ಚಿದ ಬಾಗಿಲ ಹಿಂದಿನಿಂದ ಅತ್ತೆಯ ದನಿ.

"ಸಿಕ್ತಮ್ಮಾ, ಫೋನ್ ಇಡು!" ಎಂದು ಇವಳು ಕೂಗಿದಳು.

ಇಬ್ಬರೂ ಸೇರಿ ಟ್ಯಾಂಕನ್ನು ಮಡಿಸಿದ ಕಂಬಳಿಯ ಮೇಲೆ ಇಳಿಸಿದರು. ಬಿಟ್ಟಮೇಲೂ ಅವನ ತೋಳುಗಳು ಅಪ್ಪಿಕೊಂಡ ಆಕಾರದಲ್ಲೇ ಸೆಟೆದು ನಿಂತಿದ್ದವು. ಅವಳು ಒಂದೊಂದನ್ನೇ ಹಿಡಿದು, ಮೊಣಕೈಯಿಂದ ಮೇಲಕ್ಕೆ ತಿಕ್ಕಿ, ನಿಧಾನವಾಗಿ ಸಡಿಲಿಸಿದಳು. "ನೋವಿದ್ರೆ ಹೇಳಿ," ಅಂದಳು. ನೋವಿತ್ತು. ಹೇಳಿದ. ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಜೋಡಿಸುವುದಕ್ಕೆ ಬಿಚ್ಚಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮೊದಲು ವೈರು, ಆಮೇಲೆ ಪೈಪು, ಹಿಂದಿನ ಬೋಲ್ಟು, ಮುಂದಿನವು. ಅವನು ಯಾವ ಗುಳಿಯಿಂದ ಯಾವ ಬೋಲ್ಟು ಎಂದು ಕೊಡುತ್ತ ಹೋದ. ಅವಳು ಬಿಗಿಯುತ್ತ ಹೋದಳು. ಮುರಿದ ಕೊಂಡಿಯ ಜಾಗಕ್ಕೆ ಟೇಪು ಸುತ್ತಿದರು. ಬ್ಯಾಟರಿಯ ವೈರು ಕಟ್ಟಿ ಸೀಟು ಕೂರಿಸಿ ಸ್ಟಾರ್ಟರ್ ಒತ್ತಿದರೆ ಒಂದು ಸಲ ಸುಮ್ಮನಿತ್ತು. ಎರಡನೆಯ ಸಲಕ್ಕೆ ಬೈಕು ಗುಡುಗಿ ಎಚ್ಚರಗೊಂಡಿತು.

ಅವಳು ಚೀಲ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು ಬಂದಳು. ಆಗ ಇಬ್ಬರೂ ಒಟ್ಟಿಗೇ ನೋಡಿದರು. ಟ್ಯಾಂಕಿನ ಎರಡೂ ಬದಿಯಲ್ಲಿ, ಹೊಳೆಯುವ ಕೆಂಪಿನ ಮೇಲೆ, ಅವನ ಅಂಗೈಗಳ ಮಸಿ ಅಚ್ಚು ಬಿದ್ದಿತ್ತು. ಹತ್ತು ಬೆರಳೂ ಬಿಡಿಬಿಡಿಯಾಗಿ ಕಾಣುವಷ್ಟು ಸ್ಪಷ್ಟವಾಗಿ. ಅವನು ಅವಸರದಿಂದ ಬಟ್ಟೆ ತೆಗೆದುಕೊಂಡು ಮುಂದಕ್ಕೆ ಬಂದ. ಅವಳು ಆ ಬಟ್ಟೆಯನ್ನು ಅವನ ಕೈಯಿಂದ ತೆಗೆದು, ಅವನ ಹೆಗಲ ಮೇಲೆಯೇ ಹಾಕಿದಳು. ಬೈಕು ಹತ್ತಿ ಮುಂದಕ್ಕೆ ಬಾಗಿದಳು. ಎರಡು ಅಚ್ಚುಗಳ ನಡುವೆ ಅವಳ ಎದೆ ಟ್ಯಾಂಕಿಗೆ ತಾಗಿತು; ಗೇಟು ದಾಟಿ ಬೈಕು ಬೀದಿಗಿಳಿಯಿತು.