ಒಳಪಟ್ಟಿ

ನಮಗೇ ಟೋಪಿ ಹಾಕೋಕೆ ಬಂದೆಯೇನಪ್ಪಾ, ಎಂದು ಹಲ್ಲಿನ ಡಾಕ್ಟರು ಅವನ ಬೂದು ಟೋಪಿಯನ್ನು ಅಂಗಾತ ತಿರುಗಿಸಿ, ಮೇಜಿನ ಸುತ್ತ ಕೂತ ಹನ್ನೊಂದು ಜನಕ್ಕೂ ಅದರ ಹೊಟ್ಟೆ ತೋರಿಸುತ್ತಿದ್ದರೆ ಅವನಿಗೆ ಕಂಡದ್ದು ಡಾಕ್ಟರ ಜೇಬುಗಡಿಯಾರದ ಸರಪಳಿ ಮಾತ್ರ, ಮೂರನೆಯ ಕೊಂಡಿಗೆ ಬೆಸುಗೆ ಬಿದ್ದಿದೆ, ಒರಟು ಬೆಸುಗೆ, ಯಾರೋ ಅವಸರದಲ್ಲಿ ಮಾಡಿದ್ದು — ನೂರು ವರ್ಷದ ಟೋಪಿಯಂತೆ, ಒಳಗಡೆ ಚರ್ಮ ನೋಡಿ ಸಾರ್, ಹೋದ ತಿಂಗಳ ಕರುವಿಂದು, ನಾಟಕದೋರ ಪೆಟ್ಟಿಗೆಯಿಂದ ಎತ್ಕೊಂಡು ಬಂದಿರಬೇಕು — ಕೈಗೋಲಿನ ಮುದುಕರು ಕೆಮ್ಮಿ ಕೆಮ್ಮಿ ನಗುತ್ತಾರೆ, ಗೋಡೆಯಲ್ಲಿ ಹದಿಮೂರು ಗೂಟ, ಹನ್ನೆರಡು ಟೋಪಿ, ಹದಿಮೂರನೆಯ ಗೂಟ ಖಾಲಿ, ಈ ಹಳೇ ಟೋಪಿಯವರ ಸಂಘದಲ್ಲಿ ಪದ್ಧತಿಯೇ ಹಾಗೆ, ಹೊಸಬ ತನ್ನದೊಂದು ಟೋಪಿ ಮೇಜಿನ ಮೇಲಿಡಬೇಕು, ಅದು ಕೈಯಿಂದ ಕೈಗೆ ಸುತ್ತಿ ಬರಬೇಕು, ಎಲ್ಲರೂ ಹೂಂ ಅಂದರೆ ಗೂಟ ಅವನದು, ಎಂಟು ತಿಂಗಳಿಂದ ಅವನು ಆ ಗೂಟವನ್ನು ಬಾಗಿಲಾಚೆ ನಿಂತು ನೋಡಿದ್ದ, ಬ್ಯಾಗ್ ರಿಪೇರಿ ಅಂಗಡಿಯ ಅಂಟು ಉಗುರಲ್ಲಿ ಉಳಿದಿದೆಯೇನೋ ಎಂದು ಕೈ ಮೂಸಿಕೊಂಡು ನಿಂತಿದ್ದ.

ಡಾಕ್ಟರು ಟೋಪಿಯನ್ನು ಅಂಚಿನ ಮೇಲೆ ಕುಕ್ಕಿದರು, ಅಂಚಿನ ಮೇಲೆ ಇಡಬಾರದು, ಬಾಗು ಕೆಡುತ್ತದೆ, ನೆತ್ತಿ ಕೆಳಗೆ ಮಾಡಿ ಇಡಬೇಕು, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲ — ಇರಲಿ — ಗುಜರಿಯವನು ಅದರೊಳಗೆ ತುಕ್ಕು ಮೊಳೆ ತುಂಬಿಟ್ಟಿದ್ದ, ಇದಾ, ಸುಮ್ನೆ ತಗೊಂಡು ಹೋಗೋ, ಮನೆಯಲ್ಲಿ ಅಕ್ಕ ಮೂಗು ಮುಚ್ಚಿಕೊಂಡಳು, ಸತ್ತೋರ ಟೋಪಿ ಹಾಕ್ಕೊಂಡು ಅದೆಷ್ಟು ಮೆರೀತೀಯೋ, ಹೇನು ಬಂದ್ರೆ ನನ್ನ ಹತ್ರ ಬಾಚಣಿಗೆ ಕೇಳ್ಬೇಡ, ಅವನು ಕೆಟಲಿನ ಹಬೆಗೆ ಹಿಡಿದು ಹಿಡಿದು ಉಣ್ಣೆಗೆ ಜೀವ ಬರಿಸಿದ, ಒಳಗಿನ ಚರ್ಮದ ಪಟ್ಟಿ ಮಾತ್ರ ಬೆವರಿಗೆ ಕಪ್ಪಾಗಿ ಅಂಚೆಲ್ಲ ಮುಟ್ಟಿದರೆ ಪುಡಿ, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ, ಟೋಪಿ ಮಾಡಿದವನ ಹೆಸರು, ಊರು, ಇಸವಿ, ಅವನು ಕೂಡಿಸಿ ಕೂಡಿಸಿ ಓದಿದ್ದ, ಆಮೇಲೆ ಕಿತ್ತ, ಹರಿದದ್ದನ್ನು ಕಿತ್ತು ಹೊಸದು ಹೊಲಿಯುವುದೇ ಅವನ ಕಸುಬು, ನಾಲ್ಕು ಭಾನುವಾರ ಕೂತು ಹೊಲಿದ, ಒಂದು ಹೊಲಿಗೆಯೂ ಹೊರಗೆ ಕಾಣದ ಹಾಗೆ, ಕಿತ್ತ ಹಳೇ ಪಟ್ಟಿ ಏನಾಯಿತು, ಅಂಗಡಿಯಲ್ಲಿ ಹಳೇ ಚರ್ಮವೆಂದರೆ ಅಂಟು ಪರೀಕ್ಷೆ ಮಾಡುವ ಚೂರು, ಅಂಟಿ ಕೂತರೆ ರಿಪೇರಿಗೆ ಬಂದ ಬ್ಯಾಗಿನೊಳಗೇ ತೇಪೆ, ಹೊಸ ಡಬ್ಬದ ಅಂಟು ಹಿಡಿಯುತ್ತೋ ನೋಡೋ ಎಂದಿದ್ದರು ಮೇಸ್ತ್ರಿ, ಕತ್ತಿ ಇಟ್ಟು ಒತ್ತಿದ, ಎರಡು ಅಕ್ಷರಗಳ ನಡುವೆ, ಗೆರೆ ಎಳೆದಷ್ಟು ಸಲೀಸು.

ಮಾತಾಡಪ್ಪಾ, ನಾಲಿಗೆ ಇಲ್ವಾ, ಪುರಾವೆ ಏನಾದ್ರೂ ಇದ್ಯಾ — ಇದೆ, ಯಾರದೋ ಸೂಟ್‌ಕೇಸಿನ ಹಿಡಿಯೊಳಗೆ ಇಸವಿ ಇದೆ, ಇನ್ನೊಬ್ಬರ ಬ್ಯಾಗಿನ ತಳದಲ್ಲಿ ಅರ್ಧ ಹೆಸರು, ಯಾವ ಊರಲ್ಲಿ ಯಾರ ಕೈಯಲ್ಲಿ ತೂಗುತ್ತಿದೆಯೋ, ನಾನೇ ಕಿತ್ತೆ ಸಾರ್, ನಾನೇ ಹೊಲಿದೆ ಎನ್ನಬಹುದು, ಅಷ್ಟೇ ಸಾಕು, ಆದರೆ ಆಗ ಕಳ್ಳನೆನ್ನುವುದು ಬಿಟ್ಟು ಪೆದ್ದನೆನ್ನುತ್ತಾರೆ, ಅಯ್ಯೋ ಪಾಪ ಎನ್ನುತ್ತಾರೆ, ಕಳ್ಳ ಅನ್ನಿಸಿಕೊಳ್ಳಬಹುದು, ಕಳ್ಳನಿಗೆ ತನ್ನ ಮಾಲಿನ ಬೆಲೆಯಾದರೂ ಗೊತ್ತಿರುತ್ತದೆ. ಸಿಟ್ಟು ಬರಬೇಕಿತ್ತು, ಬಂದಿತ್ತು ಕೂಡ, ಮೇಜು ಮಗುಚುವಷ್ಟು, ಈಗ ಅದು ಬೇರೆ ಯಾರದೋ ಮೈಯಲ್ಲಿರುವ ಹಾಗೆ ದೂರದಲ್ಲಿದೆ, ಅವನ ಕೈ ಟೋಪಿ ಎತ್ತಿಕೊಳ್ಳುತ್ತದೆ, ಬೆರಳು ಅಂಚಿನ ಬಾಗು ಸರಿಮಾಡುತ್ತದೆ, ತಲೆಗೆ ಇಟ್ಟುಕೊಳ್ಳುತ್ತಾನೆ, ಏಯ್ ನಿನ್ನನ್ನೇ ಕೇಳ್ತಿರೋದು, ಬಾಗಿಲು, ಮೆಟ್ಟಿಲು, ಬಿಸಿಲು, ಬಸ್ಸಿನ ಹಾರ್ನು, ಹೊಸ ಚರ್ಮ ಹಣೆಯನ್ನು ಕಚ್ಚುತ್ತಿದೆ, ಇನ್ನೂ ತಲೆಗೆ ಪಳಗಿಲ್ಲ, ನಡೆಯುತ್ತಾನೆ, ಕತ್ತಿ ಇಟ್ಟು ಒತ್ತಿದ, ನಡೆಯುತ್ತಾನೆ, ಎರಡು ಅಕ್ಷರಗಳ ನಡುವೆ, ಸಲೀಸಾಗಿ, ಒಂದು ಈ ಕಡೆ ಬಿತ್ತು, ಒಂದು ಆ ಕಡೆ