ಸಂದು ಬಿಟ್ಟ ಹಲಗೆಗಳು

೨೦೧೯ರ ಮೇ ೪, ಶನಿವಾರ, ಬೆಳಿಗ್ಗೆ ಏಳೂವರೆ. ಕಡಲತೀರದ ಊರಾದ ವೆಸ್ಟರ್ವಿಕ್‌ನ ದೋಣಿ ಸಂಘದವರು ಅದೊಂದು ದಿನಕ್ಕೆಂದು ಬಾಡಿಗೆಗೆ ತರಿಸಿದ್ದ ಕ್ರೇನು ಮೊದಲ ದೋಣಿಯನ್ನು ಎತ್ತಿತು. ಸಿಗ್ನೆಯ ಮರದ ದೋಣಿ ‘ಸ್ವಾಲಾ’ದ ಸರದಿ ಕಟ್ಟಕಡೆಗೆ. ಮರದ ದೋಣಿಗಳನ್ನು ಯಾವಾಗಲೂ ಕೊನೆಗೇ ಇಳಿಸುತ್ತಾರೆ. ಚಳಿಗಾಲದಲ್ಲಿ ಒಣಗಿದ ಹಲಗೆಗಳು ಸೋರುತ್ತವೆ. ನೀರು ಕುಡಿದು ಉಬ್ಬಿ ಸಂದು ಮುಚ್ಚಿಕೊಳ್ಳುವ ತನಕ ಅವುಗಳ ಹೊಟ್ಟೆಯಡಿ ಕ್ರೇನಿನ ಪಟ್ಟಿ ಇರಬೇಕು.

ಸಿಗ್ನೆಗೆ ಇದು ತಿಳಿದದ್ದು ತಡವಾಗಿ. ಐವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಹಾಯಿದೋಣಿ ಕೊಂಡವಳು. ಅದುವರೆಗಿನ ಬದುಕೆಲ್ಲ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೀಸೆಗಳ ಮುಚ್ಚಳ ಬಿಗಿಮಾಡುತ್ತ ಕಳೆದವಳು. ಸಂದು ಕಂಡರೆ ಸುಮ್ಮನಿರುವ ಜೀವವಲ್ಲ. ಚಳಿಗಾಲವಿಡೀ ಶೆಡ್ಡಿನಲ್ಲಿ ಕೂತು, ಒಂದು ಮಗ್ಗುಲಿನ ಸಂದುಗಳಿಗೆಲ್ಲ ಕಲ್ಲಿನಂತೆ ಗಟ್ಟಿಯಾಗುವ ಅಂಟು ತುಂಬಿದ್ದಳು.

ಮಾರ್ಚಿನಲ್ಲಿ ಅದನ್ನು ನೋಡಲು ಬಂದ ಎಬ್ಬಾ ಅಂಟನ್ನು ಉಗುರಿನಿಂದ ಕುಟ್ಟಿ ನೋಡಿದರು. ಎಬ್ಬಾ ದೋಣಿಯ ಹಳೆಯ ಒಡತಿ, ಎಂಬತ್ತನಾಲ್ಕರ ನಿವೃತ್ತ ನ್ಯಾಯಾಧೀಶೆ. ಮಂಡಿ ಕೈಕೊಟ್ಟ ಮೇಲೆ ದೋಣಿ ಮಾರಿದ್ದರು. ಮನಸ್ಸು ಮಾತ್ರ ಅದರಿಂದ ಇನ್ನೂ ಇಳಿದಿರಲಿಲ್ಲ.

“ಬೆಲ್ಟು ಬಿಗಿಯಾಗಿ ಕಟ್ಟಿ ಮೂರು ಜನರ ಊಟ ಬಡಿಸಿದ್ರೆ ಏನಾಗತ್ತೆ ಹುಡುಗಿ? ಹಲಗೆ ಉಬ್ಬೋಕೆ ಜಾಗ ಬೇಡ್ವಾ? ದೋಣಿ ತನ್ನ ಪಕ್ಕೆಲುಬನ್ನೇ ಮುರ್ಕೊಳ್ಳತ್ತೆ.”

ಸಿಗ್ನೆ ತಾನು ತುಂಬಿದ್ದನ್ನೆಲ್ಲ ತಾನೇ ಕೆರೆದು ತೆಗೆದಳು. ತುಂಬುವುದಕ್ಕಿಂತ ತೆಗೆಯುವುದೇ ಕಷ್ಟವಾಯಿತು. ಹಿಂದಿನ ಬೇಸಿಗೆಯಲ್ಲಿ ದೋಣಿ ನೀರು ಕಂಡಿರಲಿಲ್ಲವಾದ್ದರಿಂದ ಸಂದುಗಳು ಎಂದಿಗಿಂತ ಅಗಲವಾಗಿದ್ದವು. ಒಳಗೆ ಕೂತರೆ ಎರಡೂ ಮಗ್ಗುಲಿನಿಂದ ಬೆಳಕಿನ ಗೆರೆಗಳು ಬೀಳುತ್ತಿದ್ದವು.

ಆ ಶನಿವಾರ ಹನ್ನೊಂದು ಗಂಟೆಗೆ ಸ್ವಾಲಾ ನೀರು ಮುಟ್ಟಿತು. ಗೆರೆಗಳಿದ್ದಲ್ಲೆಲ್ಲ ನೀರು ಚಿಮ್ಮಿತು. ಇಳಿಸುವ ಉಸ್ತುವಾರಿ ಹೊತ್ತಿದ್ದ ಬೊರ್ಯೆ ಮೇಲಿನಿಂದ ಬಗ್ಗಿ ನೋಡಿ, ದೋಣಿ ತಂದಿದ್ದೀಯೋ ಜರಡಿ ತಂದಿದ್ದೀಯೋ ಎಂದು ಕೇಳಿದ. ಜರಡಿಯಾದರೆ ಉಬ್ಬುವುದಿಲ್ಲ ಎಂದು ಸಿಗ್ನೆ ಉತ್ತರಿಸಿ ನೀರು ಹೊರಚೆಲ್ಲುವ ಎರಡೂ ಪಂಪು ಹಾಕಿದಳು. ಅಳತೆಯ ಕೋಲೊಂದನ್ನು ದೋಣಿಯೊಳಗೆ ತಳದಲ್ಲಿ ನೆಟ್ಟಗೆ ಕಟ್ಟಿದಳು.

ಕ್ರೇನು ಮೂರು ಗಂಟೆಗೆ ಹೊರಡುತ್ತದೆ. ಆಮೇಲೆ ಬರುವುದು ಸೆಪ್ಟೆಂಬರಿನಲ್ಲಿ, ದೋಣಿಗಳನ್ನು ಮೇಲೆತ್ತಲು. ಮೂರರೊಳಗೆ ಪಟ್ಟಿ ಬಿಚ್ಚಬೇಕು, ಇಲ್ಲವೇ ಸ್ವಾಲಾ ಮತ್ತೆ ಶೆಡ್ಡಿಗೆ. ಶೆಡ್ಡಿಗೆ ಹೋದರೆ ಮೂರನೆಯ ವರ್ಷವೂ ಒಣಗಬೇಕು; ಅಂಥ ದೋಣಿ ಮತ್ತೆ ತೇಲುವುದು ಅಷ್ಟರಲ್ಲೇ ಇದೆ ಎಂದು ಎಬ್ಬಾ ಅವರೇ ಹೇಳಿದ್ದರು.

ಹನ್ನೆರಡಕ್ಕೆ ಕೋಲಿನ ಮೇಲೆ ಇಪ್ಪತ್ತೊಂದು ಸೆಂಟಿಮೀಟರ್ ನೀರಿತ್ತು. ಒಂದಕ್ಕೆ ಮೂವತ್ತನಾಲ್ಕು. ಎರಡಕ್ಕೆ ಮೂವತ್ತೊಂಬತ್ತು. ಬೇರೆ ದೋಣಿಗಳವರು ದಡದಲ್ಲಿ ಸಾಸೇಜು ಸುಟ್ಟುಕೊಂಡು ತಿನ್ನುತ್ತ, ಆಗಾಗ ಬಂದು ಇಣುಕಿ ಹೋಗುತ್ತಿದ್ದರು. ಎಬ್ಬಾ ಮಾತ್ರ ಮಡಿಸುವ ಕುರ್ಚಿ ಹಾಕಿಕೊಂಡು ಅಲ್ಲೇ ಇದ್ದರು. ದೋಣಿಯೊಳಗೆ ಕಾಲಿಡಲು ಹಾಸಿದ್ದ ಬಿಡಿ ಹಲಗೆಗಳು ತೇಲತೊಡಗಿದಾಗ ಅವರ ಮುಖದ ಬಣ್ಣ ಇಳಿಯಿತು. ದೋಣಿ ತಮ್ಮದಾಗಿದ್ದ ನಲವತ್ತಾರು ವರ್ಷದಲ್ಲಿ ಅವರು ಅದರೊಳಗೆ ಅಷ್ಟು ನೀರು ನೋಡಿರಲಿಲ್ಲ.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಕೋಲು ನಲವತ್ತು ತೋರಿಸಿತು.

“ಎತ್ತಿಬಿಡು ಬೊರ್ಯೆ,” ಎಂದರು ಎಬ್ಬಾ. “ನನ್ನ ದೋಣಿ ಮುಳುಗೋದನ್ನ ನಾನು ನೋಡ್ಲಾರೆ.”

ಕ್ರೇನಿನವನು ಆಗಲೇ ಸನ್ನೆಕೋಲಿಗೆ ಕೈ ಹಾಕಿದ್ದ. ಸಿಗ್ನೆ ಮಂಡಿಮಟ್ಟ ನೀರಿನಲ್ಲಿ ನಿಂತು ಕೋಲನ್ನೇ ನೋಡಿದಳು. ಎಬ್ಬಾ ನೋಡುತ್ತಿದ್ದದ್ದು ನಲವತ್ತನ್ನು. ಅವಳಿಗೆ ಕಾಣುತ್ತಿದ್ದದ್ದು ಪ್ರತಿ ಸಲ ಎಷ್ಟು ಏರಿತೆಂಬುದು: ಹದಿಮೂರು, ಐದು, ಒಂದು. ಪಂಪು ಅವೇ ಎರಡು, ಏರುವುದು ಮಾತ್ರ ಕಡಿಮೆಯಾಗುತ್ತಿದೆ. ಅಂದರೆ ಹಲಗೆ ಉಬ್ಬುತ್ತಿದೆ. ಪಂಪು ಕೆಟ್ಟರೆ ಲೆಕ್ಕ ಬೇರೆ, ಅದೂ ಅವಳಿಗೆ ಗೊತ್ತಿತ್ತು.

“ಎತ್ಬೇಡ,” ಎಂದಳು. “ಪಟ್ಟಿ ಬಿಚ್ಚು.”

ಬೊರ್ಯೆ ಒಬ್ಬರಿಂದ ಇನ್ನೊಬ್ಬರತ್ತ ನೋಡಿದ. “ಯಾರ ಮಾತು ಕೇಳ್ಲಿ ನಾನು? ಇಬ್ರೂ ಒಡತಿಯರ ಹಾಗೆ ಮಾತಾಡ್ತಿದ್ದೀರಿ.”

ಎಷ್ಟೋ ತೀರ್ಪು ಕೊಟ್ಟ ಎಬ್ಬಾ ಅವರ ಬಾಯಿಗೆ ಈ ತೀರ್ಪು ಭಾರವಾಗಿತ್ತು.

“ದೋಣಿ ಅವಳದು,” ಎಂದರು ಕೊನೆಗೆ. “ಅವಳು ಹೇಳಿದ ಹಾಗೆ ಮಾಡು.”

ಹೇಳಿದ್ದೇ ಕುರ್ಚಿಯನ್ನು ನೀರಿಗೆ ಬೆನ್ನಾಗಿ ತಿರುಗಿಸಿಕೊಂಡು ಕೂತರು.

ಪಟ್ಟಿಗಳು ಕಳಚಿದವು. ಸ್ವಾಲಾ ಒಮ್ಮೆ ಹೊಯ್ದಾಡಿ ನಿಂತಿತು. ಕ್ರೇನು ಹೊರಟುಹೋಯಿತು. ಸಿಗ್ನೆ ಪಂಪಿನ ತಂತಿಯ ಪಕ್ಕದಲ್ಲಿ ಬಕೆಟ್ಟು ಇಟ್ಟುಕೊಂಡು ಕೂತಳು. ಬೊರ್ಯೆ ಮನೆಗೆ ಹೋಗುವ ಮುನ್ನ ತನ್ನ ಪಂಪನ್ನೂ ದಡದ ಮೇಲೆ ಇಟ್ಟುಹೋದ. ಅದನ್ನು ಹಾಕುವ ಅಗತ್ಯ ಬೀಳಲಿಲ್ಲ.

ಎಬ್ಬಾ ತಿರುಗದೆಯೇ ಎಷ್ಟಿದೆ ಎಂದು ಕೇಳಿದಾಗ ಸಂಜೆ ಆರು ಗಂಟೆ. ಸಿಗ್ನೆ ಬಗ್ಗಿ ಕೋಲು ನೋಡಿ ಹೇಳಿದಳು: ಮೂವತ್ತೊಂದು ಸೆಂಟಿಮೀಟರ್.