ಕತ್ತರಿ ಮಾಸ್ಟರ ಇನ್ನೂರು ಕಾರ್ಡು

ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಮಾಸ್ಟರ ಸೊಸೆಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ, ಬಸ್ಸಿನಲ್ಲಿ ಪಕ್ಕದವರು ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದಳು. ಬೀಳದೆ ಇನ್ನೇನು? ಹನ್ನೆರಡು ವರ್ಷ ನರ್ಸಾಗಿ ದುಡಿದ ಕೈ, ಈ ಹೊಸ ದೇಶದ ಆಸ್ಪತ್ರೆಯಲ್ಲಿ ಎರಡು ವರ್ಷದಿಂದ ಬರೀ ಹಾಸಿಗೆಯ ಚಾದರ ಬದಲಿಸುತ್ತಿತ್ತು. ಮೇಲ್ಮಟ್ಟದ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಏಳು ಅಂಕ ಬಂದರೆ ನರ್ಸಿನ ಬಿಳಿ ಸಮವಸ್ತ್ರ, ಬಾರದಿದ್ದರೆ ಸಹಾಯಕಿಯ ಬೂದು ಏಪ್ರನ್. ಎರಡು ಸಲ ಬರೆದಿದ್ದಳು, ಎರಡು ಸಲವೂ ಆರೂವರೆ. ಇದು ಮೂರನೆಯದು. ನಾಲ್ಕನೆಯದಕ್ಕೆ ನಿಯಮದಲ್ಲಿ ಜಾಗವಿರಲಿಲ್ಲ.

ಆ ಹಾಳು ಅರ್ಧ ಅಂಕ ಎಲ್ಲಿ ಸೋರುತ್ತಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪದಗಳು ಬರುತ್ತಿದ್ದವು, ಯಾವ ಪದದ ಪಕ್ಕ ಯಾವುದು ಕೂರಬೇಕು ಎಂಬುದು ಬರುತ್ತಿರಲಿಲ್ಲ. ಮಳೆ ಜೋರಾದರೆ ‘ಹೆವಿ’ಯಂತೆ, ಗಾಳಿ ಜೋರಾದರೆ ‘ಸ್ಟ್ರಾಂಗ್’ ಅಂತೆ. ಅದಲುಬದಲಾದರೂ ಅರ್ಥವೇನೋ ಆಗುತ್ತದೆ, ಆದರೆ ಕೇಳಿದವರು ಮುಖ ಕಿವುಚುತ್ತಾರೆ. ನಮ್ಮಲ್ಲೂ ಹೊಟ್ಟೆ ಉರಿಯುತ್ತದೆ, ತಲೆ ಸಿಡಿಯುತ್ತದೆ. ಯಾರಾದರೂ ಬಂದು ‘ನನ್ನ ಹೊಟ್ಟೆ ಸಿಡಿಯುತ್ತಿದೆ, ತಲೆ ಉರಿಯುತ್ತಿದೆ’ ಅಂದರೆ ನಾವು ಮುಸಿಮುಸಿ ನಗುವುದಿಲ್ಲವೇ? ಹಾಗೆ.

ಈ ಜೋಡಿಗಳನ್ನು ಕಲಿಸಲು ಮನೆಯಲ್ಲಿ ಅವಳಿಗೊಬ್ಬ ಗುರು ಸಿಕ್ಕಿದ್ದರು, ಇಂಗ್ಲಿಷಿನ ಒಂದಕ್ಷರವೂ ಬಾರದ ಗುರು. ಅವಳ ಮಾವ. ನಲವತ್ತೈದು ವರ್ಷ ಬಟ್ಟೆ ಹೊಲಿದ ದರ್ಜಿ. ಊರಿನಲ್ಲಿ ಓಣಿಯವರಿಗೆಲ್ಲ ಕತ್ತರಿ ಮಾಸ್ಟರು. ಇಲ್ಲಿ ಎಲ್ಲರೂ ಸಿದ್ಧ ಉಡುಪು ತರುವವರೇ. ಮಾಸ್ಟರ ಹೊಲಿಗೆ ಯಂತ್ರದ ಮೇಲೆ ಟಿವಿಯ ರಿಮೋಟು, ಕನ್ನಡಕ, ಮಗನ ಬಸ್ ಡಿಪೋದ ಟೋಪಿ. ಮಗ ಡ್ರೈವರು, ಸಂಜೆ ಪಾಳಿ. ಸಂಜೆ ಐದಕ್ಕೆ ಮನೆಯಲ್ಲಿ ಉಳಿಯುವವರು ಇವರಿಬ್ಬರೇ.

ತೋಳನ್ನು ಭುಜಕ್ಕೆ ಕೂಡಿಸುವಾಗ ಗುರುತು ಸಿಗಲೆಂದು ದರ್ಜಿಗಳು ಬಟ್ಟೆಯಂಚಿಗೆ ಸಣ್ಣ ಕಚ್ಚು ಹಾಕುತ್ತಾರಷ್ಟೆ, ಮಾಸ್ಟರು ಆ ವಿದ್ಯೆಯನ್ನೇ ಇಲ್ಲಿಗೂ ತಂದಿದ್ದರು. ಸೊಸೆ ಒಂದೊಂದು ಕಾರ್ಡಿನಲ್ಲಿ ಒಂದೊಂದು ಜೋಡಿ ಬರೆದುಕೊಡುವುದು, ಅವರು ನಡುವೆ ಕತ್ತರಿಸುವುದು. ಒಂದಕ್ಕೆ ಮೂರು ಹಲ್ಲು, ಒಂದಕ್ಕೆ ಬಳುಕು, ಒಂದಕ್ಕೆ ಆಳವಾದ ಒಂದೇ ಕಚ್ಚು. ಇನ್ನೂರು ಕಾರ್ಡಿಗೆ ಇನ್ನೂರು ಬಗೆ. ಅವರು ಎಡದ ತುಂಡು ಇಟ್ಟರೆ ಅವಳು ಹರಡಿದ ರಾಶಿಯಿಂದ ಅದರ ಜೊತೆಗಾರ ಪದವಿರುವ ಬಲದ ತುಂಡು ಎತ್ತಬೇಕು. ಅಂಚಿಗೆ ಅಂಚು ಸರಿಹೊಂದಿದರೆ ಮಾಸ್ಟರು “ಕೂತಿತು” ಅನ್ನುತ್ತಿದ್ದರು. ಹೊಂದದಿದ್ದರೆ “ಬಿಚ್ಚಿ ಹೊಲಿಯಮ್ಮ” ಅನ್ನುತ್ತಿದ್ದರು. ಹೋದ ವಾರದಿಂದ ಇನ್ನೂರಕ್ಕೆ ಇನ್ನೂರೂ ಕೂತಿದ್ದವು. ಅವಳಿಗಿದ್ದ ಧೈರ್ಯವೆಲ್ಲ ಅದೊಂದೇ.

ಆ ಧೈರ್ಯ ಮಂಗಳವಾರ ಮಧ್ಯಾಹ್ನ ನೀರಾಯಿತು. ಚಾದರ ಮಡಿಸುವ ಕೋಣೆಯಲ್ಲಿ ಹೆಡ್ ನರ್ಸ್ ಸಿಕ್ಕಿದರು. ಬಾಯಿ ಒರಟು, ಮನಸ್ಸು ಒಳ್ಳೆಯದು. “ಎಲ್ಲಿ, ನಿಮ್ಮ ಪಟ್ಟಿ ಕೊಡಿ, ಹತ್ತು ಕೇಳ್ತೀನಿ” ಎಂದು ಕಾಗದ ಕಿತ್ತುಕೊಂಡರು.

“ಬಿಟರ್ ಪಕ್ಕ ಏನು?”

ಸೊಸೆ ನೆನಪಿಸಿಕೊಂಡಳು. ಬಿಟರ್... ಮೂರು ಹಲ್ಲು, ಕೊನೆಯ ಹಲ್ಲು ಮೊಂಡು. ಕಣ್ಣಮುಂದೆ ಕಾರ್ಡಿನ ಅಂಚು ಸ್ಪಷ್ಟವಾಗಿ ನಿಂತಿತ್ತು, ಅದರಾಚೆಗೆ ಏನೂ ಇರಲಿಲ್ಲ.

“ಹೋಗ್ಲಿ. ಹೈ ಏನು?”

ಬಳುಕು. ಎಡಕ್ಕೆ ಬಳುಕು.

ಹತ್ತರಲ್ಲಿ ಎರಡು ಹೇಳಿದಳು. ಹೆಡ್ ನರ್ಸ್ ಕಾಗದ ಮಡಿಸಿ ವಾಪಸು ಕೊಟ್ಟರು, ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಏಪ್ರನ್ನಿನ ಜೇಬಿನೊಳಗೆ ತನ್ನ ಹೆಬ್ಬೆರಳು ಬಟ್ಟೆಯಂಚನ್ನು ಸವರುತ್ತಿರುವುದು ಅವಳಿಗೆ ಆಗ ತಿಳಿಯಿತು. ಎರಡು ತಿಂಗಳು ತಾನು ಕಲಿತದ್ದು ಪದಗಳನ್ನಲ್ಲ, ಕಚ್ಚುಗಳನ್ನು.

ಮನೆಗೆ ಬಂದವಳು ಚಪ್ಪಲಿ ಬಿಡುವಷ್ಟರಲ್ಲೇ ಹೇಳಿದಳು. “ಮಾವ, ನನಗೆ ಒಂದೂ ಬರಲ್ಲ. ನಾನು ಅಂಚು ನೋಡಿ ಎತ್ತುತಾ ಇದ್ದೆ. ಹನ್ನೊಂದು ದಿನ ಇದೆ, ಎಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.”

ಮಾಸ್ಟರು ಕತ್ತರಿ ಕೆಳಗಿಟ್ಟರು. ಗಾಬರಿಯಾಗಲಿಲ್ಲ, ಆಶ್ಚರ್ಯಪಡಲೂ ಇಲ್ಲ. ಅದೇ ಅವಳನ್ನು ಚುಚ್ಚಿತು.

“ನಿಮಗೆ ಗೊತ್ತಿತ್ತಾ?”

“ಬೆರಳು ನೋಡಿ ಬದುಕಿದವನು ಕಣಮ್ಮ ನಾನು. ನಿನ್ನ ಬೆರಳು ಅಂಚು ಹುಡುಕುತಾ ಇತ್ತು. ಮೂರು ವಾರದಿಂದ ಗೊತ್ತು.”

“ಗೊತ್ತಿದ್ದೂ ಸುಮ್ಮನಿದ್ರಾ? ಹಿಂದೆ ಒಂದು ನಂಬರು ಬರೆದು ನೆಟ್ಟಗೆ ಕತ್ತರಿಸಿದ್ರೆ ಸಾಕಿತ್ತಲ್ಲ ಮಾವ. ನಂಬರಿಗೆ ನಂಬರು ತಾಳೆ ನೋಡಿದ್ರೆ ಆಗ್ತಿತ್ತು.”

“ಸಾಕಿತ್ತು,” ಎಂದರು ಮಾಸ್ಟರು. “ನಂಬರು ತಾಳೆ ನೋಡೋಕೆ ನಾನ್ಯಾಕೆ ಬೇಕು? ಗೋಡೆಗೆ ಒರಗಿಸಿಟ್ಟುಕೊಂಡು ನೀನೇ ನೋಡ್ಕೋಬಹುದು. ಇಡೀ ದಿನದಲ್ಲಿ ಈ ಒಂದು ಗಂಟೆ ಯಾರೋ ನನ್ನ ಕತ್ತರಿ ಕೇಳ್ತಾರೆ. ಅದಕ್ಕೇ ಬಾಯಿ ಬಿಡಲಿಲ್ಲ. ತಪ್ಪು ಮಾಡಿದೆ ತಾಯಿ.”

ಸೊಸೆಗೆ ಸಿಟ್ಟು ನೆತ್ತಿಗೇರಿತ್ತು. ಮುದುಕರೆಂದು ಸುಮ್ಮನಾಗುವ ಜಾತಿಯವಳಲ್ಲ ಅವಳು. ಆದರೂ ಏನೆಂದು ಬೈಯುವುದು? ಒಳಗೆ ಹೋಗಿ ಮುಖ ತೊಳೆದಳು, ಅತ್ತಳು, ಮತ್ತೆ ತೊಳೆದಳು. ಹೊರಗೆ ಕತ್ತರಿಯ ಸದ್ದು ಕೇಳುತ್ತಿತ್ತು. ಬಂದು ನೋಡಿದರೆ ಮಾಸ್ಟರು ಇನ್ನೂರು ಕಾರ್ಡಿನ ಹಲ್ಲು, ಬಳುಕು, ಕಚ್ಚುಗಳನ್ನೆಲ್ಲ ಸವರಿ ನೆಟ್ಟಗೆ ಮಾಡುತ್ತಿದ್ದರು. ಸೀಮೆಸುಣ್ಣದ ಬದಲು ಪೆನ್ನು ಹಿಡಿದು ಹಿಂದೆ ನಂಬರು ಹಾಕುತ್ತಿದ್ದರು. ತಮ್ಮ ಕೈಕೆಲಸವನ್ನು ತಾವೇ ಕತ್ತರಿಸಿ ಕಸದಬುಟ್ಟಿಗೆ ಹಾಕುವಾಗ ಅವರು ತಲೆಯೆತ್ತಲಿಲ್ಲ.

ಆ ದಿನ ಇನ್ನೂರಕ್ಕೆ ಮೂವತ್ತೊಂದು. ಎರಡನೆಯ ದಿನ ನಲವತ್ತೆಂಟು.

“ಹೋಪ್ಸ್‌ಗೆ ಹೈ ಯಾಕೆ, ಟಾಲ್ ಯಾಕಲ್ಲ? ಎರಡೂ ಎತ್ತರವೇ ತಾನೇ?” ಎಂದು ಮೂರನೆಯ ದಿನ ಅವಳು ರೇಗಿದಳು. “ಕಾರಣ ಇದ್ರೆ ನೆನಪಿಟ್ಟುಕೋಬಹುದು. ಕಾರಣವೇ ಇಲ್ಲ.”

“ಗಂಡಸರ ಅಂಗಿಗೆ ಗುಂಡಿ ಬಲಕ್ಕೆ, ಹೆಂಗಸರದಕ್ಕೆ ಎಡಕ್ಕೆ. ಯಾಕೆ ಅಂತ ನನಗೆ ಹೊಲಿಗೆ ಕಲಿಸಿದ ಮೇಸ್ತ್ರಿಯನ್ನು ಕೇಳಿದ್ದೆ. ತಲೆ ಮೇಲೆ ಮೊಟಕಿದ್ರು. ಆಮೇಲೆ ನೂರು ಅಂಗಿ ಹೊಲಿದೆ, ಕೈಗೆ ತಾನಾಗೇ ಬಂತು. ನೀನು ಬರೀ ಜೋಡಿ ಹೇಳಬೇಡ. ಅಂಗಿ ಹೊಲಿ. ನಮ್ಮ ಮನೆ ಮಾತು ಹಾಕಿ ಒಂದೊಂದು ವಾಕ್ಯ ಮಾಡು, ನನಗೆ ಅರ್ಥ ಹೇಳು.”

ಹೊಲಿದಳು. ಬಿಟರ್ ಡಿಸಪಾಯಿಂಟ್‌ಮೆಂಟ್ ಎಂದರೆ ಎರಡನೆಯ ಸಲ ಆರೂವರೆ ಬಂದ ದಿನ. ಹೈ ಹೋಪ್ಸ್ ಎಂದರೆ ಅದಕ್ಕೂ ಹಿಂದಿನ ದಿನ. ಡಿಸೈಡ್, ಡಿಸಿಷನ್, ಡಿಸೈಸಿವ್ ಎಲ್ಲ ಒಂದೇ ಥಾನಿನ ಬಟ್ಟೆ ಎಂದು ಸದ್ದು ಕೇಳಿಯೇ ಮಾಸ್ಟರು ಕಂಡುಹಿಡಿದರು. ಕೊರಳಪಟ್ಟಿ ಬೇರೆ, ತೋಳು ಬೇರೆ, ಆದರೆ ಬಣ್ಣ ಒಂದೇ. ತೋಳನ್ನು ಕೊರಳಿಗೆ ಹಚ್ಚಬಾರದು, ಅಷ್ಟೆ. ತೊಂಬತ್ತಾಯಿತು, ನೂರಮೂವತ್ತಾಯಿತು. ಪರೀಕ್ಷೆಯ ಹಿಂದಿನ ದಿನ ನೂರೆಂಬತ್ತೆರಡಕ್ಕೆ ನಿಂತಿತು. ಉಳಿದ ಹದಿನೆಂಟೇ ಪ್ರಶ್ನೆಪತ್ರಿಕೆಯಲ್ಲಿ ಬರುತ್ತವೆ ಎಂದು ಅವಳಿಗೆ ಖಾತ್ರಿಯಿತ್ತು.

ಬರವಣಿಗೆ ಹೇಗೋ ಮುಗಿಯಿತು. ಮಾತಿನ ಪರೀಕ್ಷೆಯಲ್ಲಿ ಗೋಡೆಯ ಗಡಿಯಾರ, ಒಂದು ಮೇಜು, ಎದುರಿಗೆ ನಗದ ಹೆಂಗಸು. ‘ಹಿರಿಯರೊಬ್ಬರಿಂದ ನೀವು ಕಲಿತದ್ದರ ಬಗ್ಗೆ ಹೇಳಿ’ ಎಂದಿತ್ತು ಚೀಟಿ. ಅವಳ ಹೆಬ್ಬೆರಳು ಮೇಜಿನಂಚನ್ನು ಸವರಿತು. ನುಣುಪು, ಒಂದೂ ಕಚ್ಚಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಬ್ಬ ದರ್ಜಿ ತನ್ನ ಕೈಕೆಲಸವನ್ನು ತಾನೇ ಸವರಿ ಎಸೆದ ಸಂಜೆಯನ್ನು ಹೇಳತೊಡಗಿದಳು. ಪದಗಳು ಒಂದರ ಪಕ್ಕ ಒಂದು ಬಂದು ಕೂತವೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಹೆಂಗಸು ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳುತ್ತಿದ್ದಳು, ಅದು ಒಳ್ಳೆಯದೋ ಕೆಟ್ಟದ್ದೋ ಅದೂ ಗೊತ್ತಾಗಲಿಲ್ಲ.

ಹದಿಮೂರು ದಿನ ಜೀವ ಕೈಯಲ್ಲಿ ಹಿಡಿದು ಕಾದಳು. ಹದಿನಾಲ್ಕನೆಯ ದಿನ ಚಾದರದ ಕೋಣೆಯಲ್ಲಿ ನಿಂತು ಫೋನು ತೆರೆದಳು. ಏಳು. ಏಳೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಅವಳು ಚಾದರದ ರಾಶಿಯ ಮೇಲೆ ಕೂತು ಮನೆಗೆ ಫೋನು ಮಾಡಿದಳು.

ಸಂಜೆ ಮನೆಗೆ ಬಂದಾಗ ಮಾಸ್ಟರಿಗೆ ಸುದ್ದಿ ಆಗಲೇ ತಲುಪಿತ್ತು. ಕಾರ್ಡುಗಳನ್ನು ದಾರ ಕಟ್ಟಿ ಪಕ್ಕಕ್ಕಿಟ್ಟಿದ್ದರು. ಕತ್ತರಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಡಬ್ಬಿಯೊಳಗೆ ಇಡುತ್ತಿದ್ದರು. “ಗೆದ್ದೆ ಬಿಡು. ಇನ್ನು ನಿನಗೆ ಸಂಜೆ ಬಿಡುವಾಯ್ತು,” ಎಂದು ನಕ್ಕರು. ನಗು ಕಣ್ಣಿನವರೆಗೆ ಹೋಗಲಿಲ್ಲ.

ಸೊಸೆ ಚೀಲದಿಂದ ಬಿಳಿ ಸಮವಸ್ತ್ರ ತೆಗೆದು ಹಾಕಿಕೊಂಡು ಬಂದಳು. ಭುಜ ಜಾರುತ್ತಿತ್ತು, ತೋಳು ಬೆರಳ ತುದಿ ಮುಟ್ಟುತ್ತಿತ್ತು.

“ಅಯ್ಯೋ, ಇದೆಂಥ ಅಳತೆ? ಯಾರು ಕೊಟ್ಟದ್ದು ಇದನ್ನ?” ಮಾಸ್ಟರು ಎದ್ದೇ ಬಿಟ್ಟರು. “ನಿಲ್ಲು, ಅಲ್ಲಾಡಬೇಡ. ಟೇಪು ಎಲ್ಲಿ?”

“ಎರಡು ಜೊತೆ ಇದೆ ಮಾವ. ಎರಡೂ ಹಿಂಗೇ. ನಾಳೆಯಿಂದ ಬೇಕು.”

ಮಾಸ್ಟರು ಹೊಲಿಗೆ ಯಂತ್ರದ ಮೇಲಿಂದ ರಿಮೋಟನ್ನೂ ಟೋಪಿಯನ್ನೂ ಒಟ್ಟಿಗೆ ತಳ್ಳಿದರು. ಆಸ್ಪತ್ರೆಯ ಸ್ಟೋರಿನವನು ಮಧ್ಯಾಹ್ನ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ, ನಿಮಗೆ ಮೂವತ್ತಾರರ ಅಳತೆ ಸರಿಯಾಗುತ್ತದೆ ಎಂದಿದ್ದ. ಅವಳು ನಲವತ್ತು ಕೇಳಿ ತಂದಿದ್ದಳು.